ನದಿ ದಂಡೆಯ ಹಳ್ಳಿಗಳಲ್ಲಿ ಪರಿಹಾರ ಸಾಮಗ್ರಿ ಹಂಚುವುದು: ಲಾರಿ ಹೊರಡುವ ಮುಂಚೆ ಏನೇನು ಆಗಿರಬೇಕು?

ಮಲಪ್ರಭಾ ಗೆಳೆಯರು

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದಲ್ಲಿ ಬೇರೆ ಬೇರೆ ಕೆಲಸದಲ್ಲಿರುವ ಗೆಳೆಯರ ಬಳಗ. ನಮ್ಮಲ್ಲಿ ಹೆಚ್ಚಿನವರ ಊರು ಮಲಪ್ರಭೆಯ ದಂಡೆಯಲ್ಲೇ ಇದೆ. 2009ರ ನೆರೆ ನೋಡಿದ್ದೇವೆ, 2019ರದ್ದೂ ನೋಡಿದ್ದೇವೆ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೊಣ್ಣೂರು, ಹೊಳೆಆಲೂರು ಕಡೆ ಜನ ಮನೆ ಬಿಟ್ಟು ಎದ್ದು ಬರಬೇಕಾಯಿತು. ಪಟ್ಟದಕಲ್ಲಿನ ಗುಡಿಗಳ ಸುತ್ತಲೂ ನೀರು ನಿಂತಿತ್ತು.

ಆಗ ಸಹಾಯಕ್ಕೆ ಬಂದ ಗಾಡಿಗಳಿಗೆ ಲೆಕ್ಕವೇ ಇರಲಿಲ್ಲ. ಎಷ್ಟೋ ದೂರದಿಂದ ಜನ ಬಂದರು, ಅವರ ಋಣ ದೊಡ್ಡದು. ಆದರೆ ರಸ್ತೆ ಪಕ್ಕದ ಊರುಗಳಲ್ಲಿ ಒಂದೇ ಮನೆಗೆ ಮೂರು ನಾಲ್ಕು ಕಿಟ್ ಸಿಕ್ಕಿತು. ಒಳಗಿನ ಊರುಗಳಿಗೆ ಬಿಸ್ಕತ್ತಿನ ಪೊಟ್ಟಣವೂ ಮುಟ್ಟಲಿಲ್ಲ. ಇನ್ನೊಮ್ಮೆ ನೀರು ಬಂದರೆ ಹಾಗಾಗಬಾರದು.

ಅಕ್ಕಪಕ್ಕದ ಮೂರು ಹಳ್ಳಿ, ಸುಮಾರು 400 ಕುಟುಂಬಕ್ಕೆ ದಿನಸಿ ಕಿಟ್ ಕೊಡೋಣ ಅಂದುಕೊಂಡಿದ್ದೇವೆ. ಮಳೆಗಾಲಕ್ಕೆ ಮುಂಚೆಯೇ ತಯಾರಿ ಮುಗಿಸಬೇಕು. ಕಿಟ್‌ನಲ್ಲಿ ಏನಿರಬೇಕು, ಎಲ್ಲಿ ಹಂಚಬೇಕು, ನೂಕುನುಗ್ಗಲು ಆಗದ ಹಾಗೆ ಹೇಗೆ ನೋಡಿಕೊಳ್ಳಬೇಕು? ಈ ಕೆಲಸ ಮಾಡಿದವರು ದಯವಿಟ್ಟು ವಿವರವಾಗಿ ಹೇಳಿ.

ದೂರದ ಗೋದಾಮು

ನಾನು ಶಿವಮೊಗ್ಗದವನು. ಈಗ ಹೊರದೇಶದಲ್ಲಿ ಪರಿಹಾರ ಸಾಮಗ್ರಿಯ ಸಾಗಣೆ ಮತ್ತು ಹಂಚಿಕೆಯ ಕೆಲಸದಲ್ಲಿದ್ದೇನೆ. ನೀವು ಮಳೆಗಾಲಕ್ಕೆ ಮುಂಚೆಯೇ ಕೇಳುತ್ತಿದ್ದೀರಿ, ಅದೇ ದೊಡ್ಡ ವಿಷಯ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನೂಕುನುಗ್ಗಲಿನ ಮಾತು, ಯಾಕಂದ್ರೆ ಅಲ್ಲಿ ಜೀವ ಹೋಗುತ್ತೆ. 2005ರ ಡಿಸೆಂಬರ್ 18ರಂದು ಚೆನ್ನೈನ ಎಂ.ಜಿ.ಆರ್. ನಗರದಲ್ಲಿ ನೆರೆ ಪರಿಹಾರದ ಟೋಕನ್ ಕೊಡುತ್ತಿದ್ದ ಶಾಲೆಯ ಹತ್ತಿರ ಕಾಲ್ತುಳಿತ ಆಗಿ 42 ಜನ ಸತ್ತರು. ಬೆಳಕು ಹರಿಯುವ ಮುಂಚೆಯೇ ಸಾವಿರಾರು ಜನ ಸೇರಿದ್ದರು. ಟೋಕನ್ ಕೊಡೋದು ಅವತ್ತೇ ಕೊನೆ ಅಂತ ಸುದ್ದಿ ಹಬ್ಬಿತ್ತು. ಅದೇ ನವೆಂಬರ್‌ನಲ್ಲಿ ಅದೇ ನಗರದ ವ್ಯಾಸರಪಾಡಿಯಲ್ಲಿ ಹೀಗೇ ಆಗಿ 6 ಜನ ಹೋಗಿದ್ದರು. ಒಂದು ಎಚ್ಚರಿಕೆ ಸಿಕ್ಕ ಮೇಲೂ ಎರಡನೆಯದು ನಡೆಯಿತು ಅನ್ನೋದನ್ನು ಗಮನಿಸಿ. 2017ರಲ್ಲಿ ರೋಹಿಂಗ್ಯಾ ಜನ ಮ್ಯಾನ್ಮಾರ್‌ನಿಂದ ಓಡಿ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ಗೆ ಬಂದಾಗಲೂ ಹೀಗೇ. ಒಳ್ಳೆ ಮನಸ್ಸಿನ ಜನ ಲಾರಿ ಮೇಲೆ ನಿಂತು ಬಟ್ಟೆ, ಊಟ ಎಸೆದರು. ಆ ನೂಕಾಟದಲ್ಲಿ ಒಬ್ಬ ಹೆಂಗಸು, ಇಬ್ಬರು ಮಕ್ಕಳು ಸತ್ತರು.

ಇದರಲ್ಲಿ ಜನರ ತಪ್ಪು ಹುಡುಕಬೇಡಿ. ನನಗೆ ಸಿಗುತ್ತೋ ಇಲ್ವೋ ಅನ್ನೋ ಅನುಮಾನ ಬಂದರೆ ಎಂಥವರೂ ಮುಂದೆ ನುಗ್ಗುತ್ತಾರೆ. ಆ ಅನುಮಾನ ತೆಗೆಯೋದೇ ನಿಮ್ಮ ಮುಖ್ಯ ಕೆಲಸ. ಅದಕ್ಕೆ ಟೋಕನ್ ಕೊಡುವ ದಿನ ಬೇರೆ, ಸಾಮಾನು ಕೊಡುವ ದಿನ ಬೇರೆ ಇರಬೇಕು. ಟೋಕನ್ ಅನ್ನು ಮನೆ ಬಾಗಿಲಿಗೆ ಹೋಗಿ ಕೊಡಿ. ಅದರ ಮೇಲೆ ಸಮಯ ಬರೆದಿರಲಿ. 'ಟೋಕನ್ ಇದ್ದವರ ಪಾಲು ಎತ್ತಿಟ್ಟಿದ್ದೇವೆ, ಸಂಜೆ ಬಂದರೂ ಸಿಗುತ್ತೆ' ಅಂತ ಹಿಂದಿನ ದಿನವೇ ಡಂಗುರ ಸಾರಿಸಿ. ಹೈಟಿಯಲ್ಲಿ 2010ರ ಭೂಕಂಪದ ನಂತರ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದವರು ಕೂಪನ್ ಅನ್ನು ಹೆಂಗಸರ ಕೈಗೆ ಮುಂಚೆಯೇ ಕೊಟ್ಟು, ರಾಜಧಾನಿಯಲ್ಲಿ ಗೊತ್ತುಪಡಿಸಿದ ಜಾಗಗಳಲ್ಲಿ 25 ಕೆಜಿ ಅಕ್ಕಿ ಚೀಲ ಹಂಚಿದರು. ಅದಕ್ಕೆ ಮುಂಚೆ ಲಾರಿ ಕಂಡ ಕೂಡಲೇ ಗಟ್ಟಿಮುಟ್ಟಾದ ಗಂಡಸರೇ ಮುಂದೆ ಇರುತ್ತಿದ್ದರು.

ಇನ್ನು ಸಮಯದ ಲೆಕ್ಕ. ಒಂದು ಮೇಜಿನಲ್ಲಿ ಹೆಸರು ನೋಡಿ, ಸಹಿ ಅಥವಾ ಹೆಬ್ಬೆಟ್ಟು ತಗೊಂಡು ಕಳಿಸೋಕೆ ಎರಡು ನಿಮಿಷ ಅಂತ ಇಟ್ಟುಕೊಳ್ಳಿ. 400 ಕುಟುಂಬಕ್ಕೆ 800 ನಿಮಿಷ, ಅಂದ್ರೆ 13 ಗಂಟೆಗೂ ಜಾಸ್ತಿ. ಒಂದೇ ಮೇಜು ಹಾಕಿದರೆ ಕತ್ತಲಾಗುತ್ತೆ, ಕತ್ತಲಾದರೆ ಗಲಾಟೆ ಶುರು. ನಾಲ್ಕು ಮೇಜು ಹಾಕಿದರೆ ಮೂರೂವರೆ ಗಂಟೆಯೊಳಗೆ ಮುಗಿಯುತ್ತೆ. ಇನ್ನೂ ಒಳ್ಳೇದು ಅಂದ್ರೆ ಮೂರು ಊರಿಗೆ ಮೂರು ಜಾಗ. ಜಗತ್ತಿನಾದ್ಯಂತ ಪರಿಹಾರ ಕೆಲಸದವರು ಇಟ್ಟುಕೊಳ್ಳುವ ಸ್ಫಿಯರ್ ಕೈಪಿಡಿಯಲ್ಲಿ ಹಂಚುವ ಜಾಗ ಮನೆಯಿಂದ 5 ಕಿಲೋಮೀಟರ್ ಮೀರಬಾರದು ಅಂತಿದೆ. ತಲೆ ಮೇಲೆ ಚೀಲ ಹೊತ್ತು ಕೆಸರಲ್ಲಿ ನಡೆಯುವ ಅಜ್ಜಿಗೆ ಅದೂ ಜಾಸ್ತಿಯೇ.

ಜಾಗದ ವಿಚಾರದಲ್ಲಿ ಬರುವ ದಾರಿ ಒಂದು, ಹೋಗುವ ದಾರಿ ಇನ್ನೊಂದು. ಎರಡೂ ಎಲ್ಲೂ ಕೂಡಬಾರದು. ಸಾಮಾನು ಹೊತ್ತು ಹೊರಗೆ ಹೋಗುವವರು ಸಾಲಿನಲ್ಲಿ ನಿಂತವರ ಎದುರಿಗೆ ಬರಬಾರದು. ಬಿದಿರು, ಹಗ್ಗ ಕಟ್ಟಿ ಸಾಲು ಮಾಡಿ, ಆದರೆ ಜನ ಸಿಕ್ಕಿಹಾಕಿಕೊಳ್ಳುವ ಹಾಗೆ ಇಕ್ಕಟ್ಟು ಮಾಡಬೇಡಿ. ನೆರಳು, ಕುಡಿಯೋ ನೀರು, ಕೂರೋಕೆ ಜಾಗ ಇರಲಿ. ವಯಸ್ಸಾದವರು, ಬಸುರಿಯರು, ಅಂಗವಿಕಲರಿಗೆ ಬೇರೆ ಸಾಲು. ಕಿಟ್‌ನಲ್ಲಿ ಏನೇನು, ಎಷ್ಟೆಷ್ಟು ಇದೆ ಅಂತ ದೊಡ್ಡ ಅಕ್ಷರದಲ್ಲಿ ಹಲಗೆಗೆ ಬರೆದು, ಪಕ್ಕದಲ್ಲಿ ಒಂದು ಕಿಟ್ ಬಿಚ್ಚಿಡಿ. ಓದು ಬರದವರೂ ತಮ್ಮ ಚೀಲ ನೋಡಿ ಹೋಲಿಸಿಕೊಳ್ಳಬಹುದು.

ಹಮಾಲರ ಓಣಿ

ನಾನು ಎಪಿಎಂಸಿ ಯಾರ್ಡಿನಲ್ಲಿ ಕೆಲಸ ಮಾಡುವವನು. ಒಂದು ಮಾತು. 50 ಕೆಜಿ ಚೀಲ ತರಿಸಿ ಅಲ್ಲೇ ಬಿಚ್ಚಿ ಅಳೆದು ಕೊಡ್ತೀವಿ ಅಂದ್ಕೊಂಡಿದ್ರೆ ಬಿಟ್ಟುಬಿಡಿ. ಅಳತೆ ಮಾಡುವಾಗ ಒಂದು ಹಿಡಿ ಹೆಚ್ಚು ಕಮ್ಮಿ ಆದ್ರೂ ಜಗಳ. ಮುಂಚೆಯೇ ಕಟ್ಟಿಸಿ. ಕಟ್ಟಿದ ಮೇಲೆ ಅಲ್ಲೊಂದು ಇಲ್ಲೊಂದು ಚೀಲ ತೂಕಕ್ಕೆ ಹಾಕಿ ನೋಡಿ.

ಇನ್ನೊಂದು, ಲೋಡ್ ಮಾಡುವಾಗ ಕೊನೆಗೆ ಇಳಿಸುವ ಊರಿನದ್ದು ಮೊದಲು ಒಳಗೆ ಹೋಗಬೇಕು. ಆಮೇಲೆ ಮಳೆಯಲ್ಲಿ ನಿಂತು ಇಡೀ ಲಾರಿ ಕೆದಕೋದು ಯಾರಿಗೂ ಬೇಡ. ಲಾರಿ ಊರೊಳಗೆ ಹೋಗಲ್ಲ ಅಂತಾದ್ರೆ ಟ್ರ್ಯಾಕ್ಟರ್ ಟ್ರೇಲರ್ ಯಾರದ್ದು, ಡೀಸೆಲ್ ಯಾರು ಹಾಕಿಸ್ತಾರೆ ಅಂತ ಈಗಲೇ ಮಾತಾಡಿಕೊಳ್ಳಿ. ಹಮಾಲಿ ದುಡ್ಡನ್ನೂ ಲೆಕ್ಕಕ್ಕೆ ಸೇರಿಸಿ. ಸೇವೆ ಅಂತ ಹೇಳಿ ದುಡಿಯೋರಿಗೆ ಕೂಲಿ ಕೊಡದೆ ಇರಬೇಡಿ, ಅವರ ಮನೇನೂ ನೀರಲ್ಲಿ ಇರುತ್ತೆ.

ಮಲಪ್ರಭಾ ಗೆಳೆಯರು

ತುಂಬಾ ಉಪಕಾರ ಆಯಿತು. ಕಿಟ್‌ನಲ್ಲಿ ಎಷ್ಟು ಅಕ್ಕಿ, ಎಷ್ಟು ಬೇಳೆ ಹಾಕಬೇಕು ಅನ್ನೋದಕ್ಕೆ ಏನಾದರೂ ಲೆಕ್ಕ ಇದೆಯಾ? ನಾವು ಸುಮ್ನೆ 10 ಕೆಜಿ ಅಕ್ಕಿ ಅಂತ ಬರೆದುಕೊಂಡಿದ್ದೆವು.

ದೂರದ ಗೋದಾಮು

ಇದೆ. ಒಬ್ಬರಿಗೆ ದಿನಕ್ಕೆ 2,100 ಕಿಲೋ ಕ್ಯಾಲೊರಿ ಬೇಕು ಅನ್ನೋದು ಎಲ್ಲರೂ ಒಪ್ಪಿದ ಅಂಕಿ. ರೂಢಿಯಲ್ಲಿ ಒಬ್ಬರಿಗೆ ದಿನಕ್ಕೆ 400 ಗ್ರಾಂ ಅಕ್ಕಿ ಅಥವಾ ಬೇರೆ ಧಾನ್ಯ, 60 ಗ್ರಾಂ ಬೇಳೆ, 25 ಗ್ರಾಂ ಎಣ್ಣೆ, 5 ಗ್ರಾಂ ಉಪ್ಪು ಇಡುತ್ತಾರೆ. ಬೇಕಾದ್ದರಲ್ಲಿ ಹೆಚ್ಚಿನ ಪಾಲು ಇದರಿಂದಲೇ ಬರುತ್ತೆ. ಉಳಿದದ್ದಕ್ಕೆ ಬೆಲ್ಲ, ಶೇಂಗಾ ಸೇರಿಸಿ. ಐದು ಜನರ ಮನೆಗೆ ಒಂದು ವಾರಕ್ಕೆ ಅಂದ್ರೆ 14 ಕೆಜಿ ಧಾನ್ಯ, 2 ಕೆಜಿ ಚಿಲ್ಲರೆ ಬೇಳೆ, ಒಂದು ಲೀಟರ್ ಎಣ್ಣೆ. ಎಲ್ಲಾ ಸೇರಿ 18 ಕೆಜಿ ಆಸುಪಾಸು. 400 ಕಿಟ್‌ಗೆ 7 ಟನ್ ದಾಟುತ್ತೆ. ನಿಮ್ಮ 10 ಕೆಜಿ ಅಕ್ಕಿ ಐದು ದಿನಕ್ಕೆ ಬರುತ್ತೆ, ಅದೂ ಮನೆಯಲ್ಲಿ ಐದೇ ಜನ ಇದ್ದರೆ.

ಎಂಟು ಹತ್ತು ಜನ ಇರೋ ಮನೆಗೆ ಎರಡು ಕಿಟ್ ಅಂತ ಮುಂಚೆಯೇ ತೀರ್ಮಾನ ಮಾಡಿ, ಹಲಗೆ ಮೇಲೆ ಬರೆಯಿರಿ. ಸ್ಥಳದಲ್ಲಿ ಚೌಕಾಸಿಗೆ ಬಿಡಬೇಡಿ.

ರೊಟ್ಟಿ ಊರಿನವಳು

ಅಕ್ಕಿ ಲೆಕ್ಕ ಸರಿ. ಆದರೆ ನೀವು ಹೋಗ್ತಿರೋದು ಜೋಳದ ರೊಟ್ಟಿ ತಿನ್ನೋ ಊರಿಗೆ ಅಲ್ವಾ? ಧಾನ್ಯದಲ್ಲಿ ಅರ್ಧ ಆದರೂ ಜೋಳ ಇರಲಿ. ಆದರೆ ಇಡೀ ಜೋಳ ಕೊಟ್ಟರೆ ಬೀಸೋದು ಎಲ್ಲಿ? ನೀರು ಬಂದ ಊರಲ್ಲಿ ಕರೆಂಟ್ ಇರಲ್ಲ, ಗಿರಣಿ ಓಡಲ್ಲ. ಹಿಟ್ಟು ಕೊಡಬೇಕು. ಹಿಟ್ಟಿನಲ್ಲೂ ಒಂದು ಸೂಕ್ಷ್ಮ ಇದೆ. ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತೆ, ರೊಟ್ಟಿ ತಟ್ಟುವಾಗ ಅಂಚು ಒಡೆಯುತ್ತೆ, ಎತ್ತಿ ಹೆಂಚಿಗೆ ಹಾಕೋಕೇ ಬರಲ್ಲ. ಅದಕ್ಕೆ ತಿಂಗಳ ಮುಂಚೆ ಹಿಟ್ಟು ಮಾಡಿಸಿ ಗೋದಾಮಿನಲ್ಲಿ ಇಡಬೇಡಿ. ಜೋಳ ಇಟ್ಟುಕೊಳ್ಳಿ. ಧಾರವಾಡದಲ್ಲೋ ನವಲಗುಂದದಲ್ಲೋ ಗಿರಣಿಯವರ ಹತ್ತಿರ ಮಾತಾಡಿ ಇಡಿ. ಹೊರಡುವ ಹಿಂದಿನ ದಿನ ಬೀಸಿಸಿ.

ಮತ್ತೆ ಒಲೆ ಉರಿಸೋದು ಏನಿಂದ? ಕಟ್ಟಿಗೆ, ಕುಳ್ಳು ಎಲ್ಲಾ ತೊಯ್ದಿರುತ್ತೆ. ಸಿಲಿಂಡರ್ ತೇಲಿ ಹೋಗಿರುತ್ತೆ. ಹಸಿ ಅಕ್ಕಿ ಕೈಯಲ್ಲಿ ಹಿಡಿದು ಏನು ಮಾಡೋದು?

ದೂರದ ಗೋದಾಮು

ಅಕ್ಕಾ, ಇದು ದೊಡ್ಡ ಮಾತು. ಕಾಕ್ಸ್ ಬಜಾರ್‌ನಲ್ಲಿ ಅಕ್ಕಿ ಬೇಳೆ ಕೊಟ್ಟರು, ಉರುವಲು ಕೊಡಲಿಲ್ಲ. ಜನ ಸುತ್ತಲಿನ ಗುಡ್ಡದ ಮರ ಕಡಿದರು, ಬೇರನ್ನೂ ಕಿತ್ತರು. 2018ರಲ್ಲಿ ಮನೆಮನೆಗೆ ಅಡುಗೆ ಅನಿಲ ಕೊಡೋಕೆ ಶುರು ಮಾಡಿದ ಮೇಲೆ ಕಾಡು ಕಡಿಯೋದು ಕಮ್ಮಿ ಆಯಿತು. ನಿಮ್ಮಲ್ಲಿ ಅಷ್ಟು ದೊಡ್ಡದು ಬೇಡ. ಮೊದಲ ಎರಡು ದಿನಕ್ಕೆ ಅವಲಕ್ಕಿ, ಚುರುಮುರಿ, ಪುಟಾಣಿ, ಬೆಲ್ಲ ಅಂತ ಬೆಂಕಿ ಬೇಡದ ಪೊಟ್ಟಣ ಕಟ್ಟಿ. ದಿನಸಿ ಆಮೇಲೆ ಬರಲಿ.

ನಿವೃತ್ತ ಲೆಕ್ಕಿಗ

ಗ್ರಾಮ ಲೆಕ್ಕಿಗನಾಗಿ ಹೊಳೆ ದಂಡೆಯ ಊರುಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. 'ಆಮೇಲೆ' ಅಂದರೆ ಯಾವಾಗ ಅನ್ನೋದನ್ನು ನಾನು ಹೇಳುತ್ತೇನೆ.

ನೀರು ಏರಿದಾಗ ಜನ ಸರ್ಕಾರ ತೆರೆಯುವ ಕಾಳಜಿ ಕೇಂದ್ರದಲ್ಲಿ ಇರುತ್ತಾರೆ. ಅಲ್ಲಿ ಸರ್ಕಾರದಿಂದ ಎರಡು ಹೊತ್ತು ಊಟ, ತಿಂಡಿ, ಚಹಾ ಆಗುತ್ತೆ. ಶಾಲೆ ಕೋಣೆಯಲ್ಲಿ ಮೂವತ್ತು ಜನ ಮಲಗಿರುವಾಗ 18 ಕೆಜಿ ಕಿಟ್ ಕೊಟ್ಟರೆ ಅವರು ಎಲ್ಲಿ ಇಟ್ಟುಕೊಳ್ಳಬೇಕು? ಕಾವಲು ಕೂರಬೇಕಾಗುತ್ತೆ. ನೀರು ಇಳಿದು ಕೇಂದ್ರ ಮುಚ್ಚಿದ ದಿನವೇ ನಿಜವಾದ ಕಷ್ಟ. ಮನೆಗೆ ಹೋದರೆ ಮೊಣಕಾಲುದ್ದ ರಾಡಿ. ಕಾಳು ಮೊಳೆತು ನಾರುತ್ತಿರುತ್ತೆ. ಹೊರಗಿನಿಂದ ಬಂದ ಗಾಡಿಗಳೆಲ್ಲ ಆ ಹೊತ್ತಿಗೆ ವಾಪಸ್ ಹೋಗಿರುತ್ತವೆ. ನಿಮ್ಮ ಕಿಟ್ ಆ ದಿನ ಬರಲಿ. ಜೊತೆಗೆ ಸಲಿಕೆ, ಬುಟ್ಟಿ, ಕಸಬರಿಗೆ, ಬ್ಲೀಚಿಂಗ್ ಪೌಡರ್, ಒಂದು ಗಟ್ಟಿ ತಾಡಪತ್ರಿ. ಸಲಿಕೆ ನಾಲ್ಕು ಮನೆಗೆ ಒಂದು ಸಾಕು.

ತಹಶೀಲ್ದಾರರಿಗೆ ಮುಂಚೆಯೇ ಒಂದು ಪತ್ರ ಕೊಡಿ. ಯಾವ ಊರಿಗೆ ಯಾರು ಕೊಡುತ್ತಿದ್ದಾರೆ ಅಂತ ಕಾಳಜಿ ಕೇಂದ್ರದ ಉಸ್ತುವಾರಿ (ನೋಡಲ್) ಅಧಿಕಾರಿ ಹತ್ತಿರ ಒಂದು ಪಟ್ಟಿ ಇರಲಿ. ಅವರು ಇಟ್ಟಿಲ್ಲ ಅಂದ್ರೆ ನೀವೇ ಶುರು ಮಾಡಿ, ನಿಮ್ಮ ಹಿಂದೆ ಬಂದವರು ಅದರಲ್ಲೇ ಬರೆಯಲಿ. ಒಂದು ಊರಿಗೆ ಎರಡು ಸಲ, ಇನ್ನೊಂದಕ್ಕೆ ಸೊನ್ನೆ ಆಗೋದು ಇದರಿಂದ ನಿಲ್ಲುತ್ತೆ.

ಆಧಾರ್ ತೋರಿಸಿ ಅಂತ ಹಟ ಮಾಡಬೇಡಿ. ಕಾಗದ ಪತ್ರ ಹೊಳೆ ಪಾಲಾಗಿರುತ್ತೆ. 2019ರಲ್ಲಿ ಸರ್ಕಾರ ತುರ್ತು ಪರಿಹಾರ ಅಂತ ಕುಟುಂಬಕ್ಕೆ 10,000 ರೂಪಾಯಿ ಕೊಟ್ಟಿತು. ಸರ್ಕಾರದ ದುಡ್ಡಿಗೆ ದಾಖಲೆ ಬೇಕಾಗುತ್ತೆ. ನೀವು ಕೊಡುವ ಜೋಳದ ಹಿಟ್ಟಿಗೆ ಅಕ್ಕಪಕ್ಕದ ಇಬ್ಬರು 'ಹೌದು, ಇವರು ಈ ಊರಿನವರೇ' ಅಂದರೆ ಸಾಕು.

ಮಲಪ್ರಭಾ ಗೆಳೆಯರು

ಸರ್, ಹಾಗಾದರೆ ಪಟ್ಟಿಯನ್ನು ಪಂಚಾಯಿತಿಯಿಂದ ತಗೊಳ್ಳೋದಾ? ರೇಷನ್ ಕಾರ್ಡ್ ಪಟ್ಟಿ ಸಿಕ್ಕರೆ ಕೆಲಸ ಬೇಗ ಆಗುತ್ತೆ ಅಂತ ನಮ್ಮಲ್ಲಿ ಕೆಲವರು ಹೇಳುತ್ತಿದ್ದಾರೆ.

ಕೇರಿಯ ದನಿ

ನಾನು ಇದಕ್ಕೆ ಉತ್ತರ ಕೊಡಬೇಕು.

ರೇಷನ್ ಕಾರ್ಡ್ ಪಟ್ಟಿಯಿಂದ ಶುರು ಮಾಡಿ, ಅಲ್ಲಿಗೇ ನಿಲ್ಲಿಸಬೇಡಿ. ಒಂದೇ ಕಾರ್ಡಿನಲ್ಲಿ ಅಪ್ಪ, ಮೂವರು ಗಂಡುಮಕ್ಕಳು, ಸೊಸೆಯಂದಿರು ಇರುತ್ತಾರೆ. ಮನೆ ಒಂದೇ, ಒಲೆ ಮೂರು. ಅಲ್ಲಿ ಒಲೆ ಎಣಿಸಬೇಕು. ಗಂಡ ಬಿಟ್ಟು ತವರಿಗೆ ಬಂದವಳ ಹೆಸರು ಇನ್ನೂ ಗಂಡನ ಊರಿನ ಕಾರ್ಡಿನಲ್ಲೇ ಇರುತ್ತೆ. ಇಟ್ಟಿಗೆ ಭಟ್ಟಿಗೆ, ಕಬ್ಬು ಕಡಿಯೋಕೆ ಬಂದವರು, ಕುರಿ ಹಿಂಡಿನ ಜೊತೆ ದಂಡೆಯಲ್ಲಿ ಬೀಡುಬಿಟ್ಟವರು ಯಾವ ಪಟ್ಟಿಯಲ್ಲೂ ಇರಲ್ಲ. ಹೊಳೆಗೆ ತೀರ ಹತ್ತಿರ, ತಗ್ಗಿನಲ್ಲಿ ಇರೋರು ಅವರೇ. ಮೊದಲು ಮುಳುಗೋದೂ ಅವರದ್ದೇ.

ಊರ ಹಿರಿಯರು ಕೊಟ್ಟ ಪಟ್ಟಿಯಲ್ಲಿ ನಮ್ಮ ಕೇರಿ ಕೊನೆಗೆ ಬರುತ್ತೆ. ಸಾಮಾನು ಮುಗಿಯೋದೂ ಕೊನೆಗೇ. ಇದು ನಮ್ಮ ಕಡೆ ಮಾತ್ರ ಅಲ್ಲ. 2004ರ ಸುನಾಮಿ ನಂತರ ತಮಿಳುನಾಡಿನ ಕರಾವಳಿಯಲ್ಲಿ ದಲಿತರಿಗೆ, ಇರುಳ ಬುಡಕಟ್ಟಿನವರಿಗೆ ಪರಿಹಾರ ಸರಿಯಾಗಿ ಮುಟ್ಟಲಿಲ್ಲ ಅಂತ ಎಷ್ಟೋ ವರದಿಗಳು ಬಂದವು. ಸತ್ತವರ, ದೋಣಿ ಕಳೆದುಕೊಂಡವರ ಲೆಕ್ಕ ಇತ್ತು, ದಡದಲ್ಲಿ ಕೂಲಿ ಮಾಡುತ್ತಿದ್ದವರ ಲೆಕ್ಕ ಇರಲಿಲ್ಲ.

ಅದಕ್ಕೆ ನೀವೇ ಊರು ನಡೆಯಿರಿ. ಹೊರ ಅಂಚಿನಿಂದ ಶುರು ಮಾಡಿ ನಡುವಿಗೆ ಬನ್ನಿ. ಪಟ್ಟಿ ತಯಾರಾದ ಮೇಲೆ ಅಂಗನವಾಡಿ ಗೋಡೆಗೂ, ನಮ್ಮ ಕೇರಿಯ ಸಮುದಾಯ ಭವನಕ್ಕೂ ಅಂಟಿಸಿ, ಎರಡು ದಿನ ಇರಲಿ. ಬಿಟ್ಟುಹೋದವರು ಬಂದು ಹೇಳುತ್ತಾರೆ, ಇಲ್ಲದವರ ಹೆಸರು ಇದ್ದರೆ ಊರವರೇ ತೋರಿಸುತ್ತಾರೆ. ಇನ್ನು ಹಂಚೋದನ್ನು ಗುಡಿಯ ಅಂಗಳದಲ್ಲಿ ಇಡಬೇಡಿ. ಯಾರೂ ತಡೆಯಲ್ಲ ಅಂತ ನಿಮಗೆ ಹೇಳಬಹುದು. ನಮ್ಮ ಅಜ್ಜಿ ಅಲ್ಲಿಗೆ ಬರಲ್ಲ, ಅಷ್ಟೇ. ಶಾಲೆ ಮೈದಾನ ಎಲ್ಲರದ್ದು.

ದೂರದ ಗೋದಾಮು

ಅಣ್ಣಾ, ನಿಮ್ಮ ಮಾತಿಗೆ ಒಂದು ಸೇರಿಸುತ್ತೇನೆ. 1994ರಲ್ಲಿ ರುವಾಂಡಾದಲ್ಲಿ ಹತ್ಯಾಕಾಂಡ ನಡೆದ ಮೇಲೆ ಅಲ್ಲಿಂದ ಓಡಿಬಂದ ಲಕ್ಷಾಂತರ ಜನ ಕಾಂಗೋದ ಗೋಮಾ ಸುತ್ತ ಶಿಬಿರಗಳಲ್ಲಿ ಇದ್ದರು. ಅಲ್ಲಿ ಶುರುವಿನಲ್ಲಿ ಆಹಾರವನ್ನು ಮುಖಂಡರ ಕೈಗೆ ಕೊಟ್ಟು ಹಂಚಿಸಿದರು. ಅವರು ತಲೆಯೆಣಿಕೆ ಹೆಚ್ಚು ಹೇಳಿದರು, ಬೇಕಾದವರಿಗೆ ಕೊಟ್ಟರು, ಆ ಮುಖಂಡರಲ್ಲಿ ಎಷ್ಟೋ ಮಂದಿ ಹತ್ಯಾಕಾಂಡ ನಡೆಸಿದವರೇ. ಪರಿಹಾರ ಸಾಮಗ್ರಿಯೇ ಅವರ ಅಧಿಕಾರ ಉಳಿಸಿತು. ಮುಖಂಡರನ್ನು ಬಿಟ್ಟು ನೇರ ಕುಟುಂಬದ ಕೈಗೇ ಕೊಡಬೇಕು ಅನ್ನೋ ಒತ್ತಾಯ ಆಮೇಲೆ ಬಲವಾಯಿತು. ನಮ್ಮ ಹಳ್ಳಿ ಅಷ್ಟು ಕೆಟ್ಟಿಲ್ಲ, ಆದರೆ ಒಬ್ಬರ ಕೈಗೇ ಎಲ್ಲವನ್ನೂ ಕೊಟ್ಟು ಬರಬೇಡಿ. ಅವರು ಎಷ್ಟೇ ಒಳ್ಳೆಯವರಾಗಿರಲಿ.

ಆಶಾ ಅಕ್ಕ

ಇಷ್ಟೊತ್ತು ಅಕ್ಕಿ ಬೇಳೆ ಮಾತು ಆಯಿತು, ಈಗ ನನ್ನ ಮಾತು ಕೇಳಿ.

ಮುಟ್ಟಿನ ಬಟ್ಟೆ, ಪ್ಯಾಡ್, ಒಳ ಉಡುಪು ಬೇಕು ಅಂತ ಗಂಡಸರು ನಿಂತಿರೋ ಮೇಜಿನ ಹತ್ತಿರ ಯಾವ ಹೆಂಗಸೂ ಕೇಳಲ್ಲ. ಕೇಳಲಿಲ್ಲ ಅಂದ್ರೆ ಬೇಡ ಅಂತ ಅಲ್ಲ. ಅದನ್ನೆಲ್ಲ ಕಾಣದ ಹಾಗೆ ಬೇರೆ ಚೀಲದಲ್ಲಿ ಕಟ್ಟಿ, ಹೆಂಗಸರೇ ಹೆಂಗಸರಿಗೆ ಕೊಡಬೇಕು. ಪ್ಯಾಡ್ ಕೊಟ್ಟರೆ ಎಲ್ಲಿ ಎಸೆಯೋದು ಅನ್ನೋದನ್ನೂ ಯೋಚಿಸಿ. ಕೇಂದ್ರದಲ್ಲಿ ಇರೋ ಎರಡು ಶೌಚಾಲಯ ಅದರಿಂದಲೇ ಕಟ್ಟಿಕೊಳ್ಳುತ್ತವೆ. ಹತ್ತಿ ಬಟ್ಟೆ, ಸೋಪು, ಒಂದು ಬಕೆಟ್, ಒಣಗಿಸೋಕೆ ಮರೆ ಇದ್ದರೆ ನಮ್ಮ ಕಡೆ ಹೆಚ್ಚಿನವರಿಗೆ ಅದೇ ಅನುಕೂಲ. ಕೇಳಿ ಕೊಡಿ.

ಹಾಲಿನ ಪುಡಿ ಡಬ್ಬಿ ಮತ್ತು ಹಾಲಿನ ಬಾಟಲಿ ದಯವಿಟ್ಟು ತರಬೇಡಿ. ಕೂಸಿಗೆ ಅಂತ ಪ್ರೀತಿಯಿಂದಲೇ ತರ್ತಾರೆ. ಆದರೆ ನೆರೆ ನೀರಿನಲ್ಲಿ ಕಲಸಿದ ಪುಡಿ, ತೊಳೆಯದ ಬಾಟಲಿ, ಎರಡೂ ಸೇರಿದರೆ ಕೂಸಿಗೆ ಭೇದಿ. ತಾಯಿ ಹಾಲು ಬಿಡಿಸಿದರೆ ಮತ್ತೆ ಬರೋದು ಕಷ್ಟ. ನಮ್ಮ ದೇಶದಲ್ಲಿ 1992ರ ಕಾಯ್ದೆ ಪ್ರಕಾರ ತಾಯಿಹಾಲಿಗೆ ಬದಲಿ ಪುಡಿಯನ್ನೂ ಬಾಟಲಿಯನ್ನೂ ಹೀಗೆ ದಾನ ಹಂಚುವ ಹಾಗೇ ಇಲ್ಲ. ತಾಯಿ ಇಲ್ಲದ ಕೂಸು ಇದ್ದರೆ ನಮಗೆ ಹೇಳಿ, ಆಸ್ಪತ್ರೆ ಮೂಲಕ ನೋಡಿಕೊಳ್ಳುತ್ತೇವೆ. ಬಾಣಂತಿಗೆ ಹೊಟ್ಟೆ ತುಂಬಾ ಊಟ ಕೊಡಿ, ಕೂಸಿಗೆ ಅದೇ ಸಹಾಯ.

ಓಆರ್‌ಎಸ್ ಪೊಟ್ಟಣ, ಕ್ಲೋರಿನ್ ಮಾತ್ರೆ ಕೊಟ್ಟರೆ ಕೊಟ್ಟು ಸುಮ್ಮನಾಗಬೇಡಿ. ಒಂದು ಬಿಂದಿಗೆ ಇಟ್ಟು ಮಾಡಿ ತೋರಿಸಿ. ಮಾತ್ರೆ ಹಾಕಿದ ಮೇಲೆ ಅರ್ಧ ಗಂಟೆ ಬಿಟ್ಟು ಕುಡಿಯಬೇಕು ಅಂತ ಹೇಳಿ. ಹೇಳದೇ ಇದ್ದರೆ ಯಾರೋ ಅದನ್ನ ನುಂಗಿಬಿಡ್ತಾರೆ.

ಕೊನೆಯದು, ಹೇಳೋಕೆ ಕಷ್ಟ. ಸಾಮಾನು ಯಾರ ಕೈಯಲ್ಲಿ ಇರುತ್ತೋ ಅವರ ಕೈಯಲ್ಲಿ ಅಧಿಕಾರ ಇರುತ್ತೆ. ಒಬ್ಬಂಟಿ ಹೆಣ್ಣುಮಕ್ಕಳ ಹತ್ತಿರ 'ಸಂಜೆ ಬಾ, ಬೇರೆ ಕೊಡ್ತೀನಿ' ಅನ್ನುವವರು ಇರುತ್ತಾರೆ. ಸ್ವಯಂಸೇವಕರು ಯಾರು, ಯಾವ ಊರು ಅಂತ ನಿಮ್ಮ ಹತ್ತಿರ ಬರೆದಿರಲಿ. ಒಬ್ಬೊಬ್ಬರೇ ಮನೆಗೆ ಹೋಗೋದು ಬೇಡ. ದೂರು ಹೇಳೋಕೆ ಒಬ್ಬ ಹೆಂಗಸಿನ ಫೋನ್ ನಂಬರ್ ಹಲಗೆ ಮೇಲೆ ಇರಲಿ.

ದೂರದ ಗೋದಾಮು

ಅಕ್ಕ ಹೇಳಿದ ಕೊನೆಯ ಮಾತನ್ನು ಯಾರೂ ಹಗುರಾಗಿ ತಗೊಳ್ಳಬೇಡಿ. 2002ರಲ್ಲಿ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಶಿಬಿರಗಳಲ್ಲಿ ಪರಿಹಾರ ಕೆಲಸದವರೇ ಊಟಕ್ಕೆ ಬದಲಾಗಿ ಹುಡುಗಿಯರನ್ನು ಬಳಸಿಕೊಂಡದ್ದು ಹೊರಗೆ ಬಂತು. ಆಮೇಲೆ ವಿಶ್ವಸಂಸ್ಥೆ ಕಟ್ಟುನಿಟ್ಟಿನ ನಿಯಮ ಮಾಡಿತು. 'ಈ ಸಾಮಾನು ಪೂರ್ತಿ ಉಚಿತ. ಯಾರಿಗೂ ದುಡ್ಡು ಕೊಡಬೇಕಿಲ್ಲ, ಏನನ್ನೂ ಮಾಡಿಕೊಡಬೇಕಿಲ್ಲ' ಅಂತ ಹಲಗೆಯ ಮೊದಲ ಸಾಲಿನಲ್ಲೇ ಬರೆಯಿರಿ.

ಲೆಕ್ಕದ ಹುಡುಗ

ಇಷ್ಟೆಲ್ಲ ಸಾಗಿಸೋ ಬದಲು ದುಡ್ಡೇ ಖಾತೆಗೆ ಹಾಕಬಾರದಾ? 2023ರ ಜುಲೈನಿಂದ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿ ಸಿಗದಾಗ ಸರ್ಕಾರ ಕೆಜಿಗೆ 34 ರೂಪಾಯಿಯಂತೆ ಒಬ್ಬರಿಗೆ 170 ರೂಪಾಯಿ ಹಾಕಿತಲ್ಲ. ಯಾರಿಗೆ ಏನು ಬೇಕೋ ಅವರೇ ತಗೋತಾರೆ. ಲಾರಿ ಬಾಡಿಗೆ, ಹಮಾಲಿ ಎಲ್ಲಾ ಉಳಿಯುತ್ತೆ.

ನಿವೃತ್ತ ಲೆಕ್ಕಿಗ

ನಿಮ್ಮ ಮಾತು ಅರ್ಧ ಸರಿ. ಅಂಗಡಿ ತೆರೆದಿದ್ದು, ಅಲ್ಲಿ ಸಾಮಾನು ಇದ್ದು, ದಾರಿ ಸರಿ ಇದ್ದರೆ ದುಡ್ಡೇ ಒಳ್ಳೇದು. ಊರಿನ ಅಂಗಡಿಯವರಿಗೂ ವ್ಯಾಪಾರ ಆಗುತ್ತೆ. ಆದರೆ ಮೊದಲ ವಾರ ಅಂಗಡಿಯೇ ನೀರಲ್ಲಿ ಇರುತ್ತೆ. ದುಡ್ಡು ಖಾತೆಯಲ್ಲಿದ್ದರೂ ಎಟಿಎಂ ಇಪ್ಪತ್ತು ಕಿಲೋಮೀಟರ್ ಆಚೆ. ಕೆಲವರ ಖಾತೆಯಲ್ಲಿ ದುಡ್ಡು ಬಿದ್ದ ಕೂಡಲೇ ಹಳೇ ಸಾಲಕ್ಕೆ ಮುರಿದುಕೊಂಡ ಉದಾಹರಣೆಗಳೂ ಇವೆ. ಮೊದಲು ಕಿಟ್, ಎರಡನೇ ಸುತ್ತಿಗೆ ದುಡ್ಡು. ದುಡ್ಡು ಯಾರ ಖಾತೆಗೆ ಅನ್ನೋದನ್ನು ಮನೆಯ ಹೆಂಗಸನ್ನು ಕೇಳಿ ತೀರ್ಮಾನಿಸಿ.

ಮಡಿಕೇರಿ ಮಳೆ

ಕೊಡಗಿನಿಂದ ಬರೆಯುತ್ತಿದ್ದೇನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಗುಡ್ಡ ಜಾರಿದಾಗ ಇಡೀ ರಾಜ್ಯ ನಮ್ಮ ಬೆನ್ನಿಗೆ ನಿಂತಿತು. ಮರೆಯುವ ಹಾಗಿಲ್ಲ. ಆದರೆ ಬಳಸಿದ ಬಟ್ಟೆ ಮೂಟೆಗಟ್ಟಲೆ ಬಂತು. ತೋಟದ ಕೆಲಸಕ್ಕೆ, ಆ ಚಳಿಗೆ ಬೇಕಾಗಿದ್ದು ಕಂಬಳಿ, ಸ್ವೆಟರ್, ರೇನ್‌ಕೋಟ್. ಬಂದದ್ದರಲ್ಲಿ ಗುಂಡಿ ಇಲ್ಲದ ಅಂಗಿ, ಒಂಟಿ ಚಪ್ಪಲಿಯೂ ಇತ್ತು. ಬಿಡಿಸಿ ನೋಡೋಕೆ ಜನ ಬೇಕು, ಇಡೋಕೆ ಒಣ ಜಾಗ ಬೇಕು. ಒಣ ಜಾಗದಲ್ಲಿ ಆಗ ಜನ ಮಲಗಿದ್ದರು.

ಸುನಾಮಿ ಸಮಯದಲ್ಲಿ ತಮಿಳುನಾಡಿನಲ್ಲೂ ರಸ್ತೆ ಬದಿ ಬಟ್ಟೆ ರಾಶಿ ಬಿದ್ದಿತ್ತು. ಗೂಂಜ್ ಸಂಸ್ಥೆಯವರು ಅದನ್ನು ಎತ್ತಿ, ವಿಂಗಡಿಸಿ, ಕೆಲಸಕ್ಕೆ ಬರುವ ಹಾಗೆ ಮಾಡಿದರು. ಎಲ್ಲರಿಗೂ ಅಷ್ಟು ವ್ಯವಸ್ಥೆ ಇರಲ್ಲ. ಸಂಗ್ರಹಿಸುವಾಗಲೇ 'ಹಳೇ ಬಟ್ಟೆ ತಗೊಳ್ಳಲ್ಲ' ಅಂತ ನಯವಾಗಿ, ಗಟ್ಟಿಯಾಗಿ ಹೇಳಿ. ಕೊಡುವವರಿಗೆ ಬೇಜಾರಾದರೂ ಪರವಾಗಿಲ್ಲ.

ಫೋಟೋ ವಿಷಯವನ್ನೂ ಹೇಳಿಬಿಡುತ್ತೇನೆ. ಕಿಟ್ ಕೊಡುವಾಗ ಕ್ಯಾಮೆರಾ ಕಡೆ ನೋಡಿ ಅಂತ ನಿಲ್ಲಿಸಬೇಡಿ. ಕಾಫಿ ಕೊಟ್ಟು ಮನೆಗೆ ಕರೆಯುತ್ತಿದ್ದ ಜನ ಅವರು. ದಾನಿಗಳಿಗೆ ಲೆಕ್ಕ ತೋರಿಸಬೇಕು ಅಂದ್ರೆ ಗೋದಾಮಿನ ಫೋಟೋ, ಲೋಡಿನ ಫೋಟೋ, ಬಿಲ್ಲು, ಸಹಿ ಮಾಡಿದ ಪಟ್ಟಿ ಸಾಕು. ರೆಡ್ ಕ್ರಾಸ್‌ನವರು ಬೇರೆ ಸಂಸ್ಥೆಗಳ ಜೊತೆ ಸೇರಿ 1994ರಲ್ಲಿ ಮಾಡಿದ ಹತ್ತು ಅಂಶಗಳ ನೀತಿಸಂಹಿತೆಯಲ್ಲಿ ಹತ್ತನೆಯದೇ ಇದು: ಪ್ರಚಾರದಲ್ಲಿ ಸಂತ್ರಸ್ತರನ್ನು ಘನತೆಯುಳ್ಳ ಮನುಷ್ಯರಾಗಿ ತೋರಿಸಬೇಕು.

ಕ್ಯಾಲಿಫೋರ್ನಿಯಾ ಕನ್ನಡಿಗ

ನಾವು ಇಲ್ಲಿಂದ ದುಡ್ಡು ಕಳಿಸಬಹುದಾ? ಕೆಲವು ಮನೆಗಳು ಸೇರಿ ಕೊಡೋಕೆ ತಯಾರಿದ್ದೇವೆ.

ಲೆಕ್ಕದ ಹುಡುಗ

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗಲ್ಲ. ಅಲ್ಲಿನ ಪೌರತ್ವ ತಗೊಂಡವರು, ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಕೊಟ್ಟದ್ದು ವಿದೇಶಿ ದೇಣಿಗೆ. ಅದನ್ನು ಪಡೆಯೋಕೆ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ಕಾಯ್ದೆಯ ಅಡಿ ನೋಂದಣಿ ಬೇಕು. ಧಾರವಾಡದ ಗೆಳೆಯರ ಬಳಗಕ್ಕೆ ಅದು ಇರಲಾರದು. ಎರಡನ್ನೂ ಒಂದೇ ಖಾತೆಯಲ್ಲಿ ಬೆರೆಸಬೇಡಿ. ನೋಂದಣಿ ಇರುವ ಸಂಸ್ಥೆಯ ಮೂಲಕ ಕೊಡೋದು ಸುಲಭ.

ಹೊಳೆ ದಂಡೆ ರೈತ

ಎಲ್ಲಾ ಓದಿದೆ. ಒಬ್ಬರೂ ದನದ ಮಾತು ಎತ್ತಲಿಲ್ಲವಲ್ರೀ.

ನೀರು ಬರ್ತದೆ ಅಂತ ಗೊತ್ತಾದ್ರೂ ಜನ ಯಾಕೆ ಮನೆ ಬಿಡಲ್ಲ ಗೊತ್ತಾ? ಎತ್ತು, ಎಮ್ಮೆ ಬಿಟ್ಟು ಹೇಗೆ ಬರೋದು? ಒಂದು ಜೊತೆ ಎತ್ತು ಹೋದರೆ ಮುಂದಿನ ವರ್ಷದ ಬೇಸಾಯವೇ ಹೋಯಿತು. ಹೆಂಗಸರು ಮಕ್ಕಳನ್ನ ಕೇಂದ್ರಕ್ಕೆ ಕಳಿಸಿ ಗಂಡಸರು ದನದ ಜೊತೆ ಎತ್ತರದಲ್ಲಿ ನಿಂತಿರ್ತಾರೆ. ಬಣವೆ ತೇಲಿ ಹೋಗಿರ್ತದೆ. ನಿಮ್ಮ ಏಳು ಟನ್ನಿನ ಜೊತೆ ಒಂದು ಟ್ರ್ಯಾಕ್ಟರ್ ಕಣಕಿ ಮೇವು, ಒಂದಿಷ್ಟು ಹಿಂಡಿ ಚೀಲ ತನ್ನಿ. ಅದೂ ಮೊದಲ ದಿನವೇ. ಮನುಷ್ಯರಿಗೆ ಊಟ ಯಾರಾದ್ರೂ ಕೊಡ್ತಾರೆ.

ಮಲಪ್ರಭಾ ಗೆಳೆಯರು

ಅಣ್ಣಾ, ಮೇವಿನ ಮಾತನ್ನು ಇವತ್ತೇ ಬರೆದುಕೊಂಡೆವು. ಬೈಲಹೊಂಗಲ ಕಡೆ ನಮ್ಮವರ ಹೊಲದಲ್ಲಿ ಕಣಕಿ ಇದೆ, ಮಾತಾಡುತ್ತೇವೆ.

ಎಲ್ಲರ ಮಾತು ಕೇಳಿದ ಮೇಲೆ ಯೋಜನೆಯನ್ನೇ ಬದಲಾಯಿಸಿದ್ದೇವೆ. ಮೂರು ಊರಿಗೆ ಮೂರು ಜಾಗ, ಮೂರೂ ಶಾಲೆ ಮೈದಾನ. ಕಿಟ್ ಕೇಂದ್ರ ಮುಚ್ಚಿದ ದಿನ. ಮೊದಲು ಮೇವು ಮತ್ತು ಬೆಂಕಿ ಬೇಡದ ಪೊಟ್ಟಣ. ಪಟ್ಟಿ ಮಾಡೋಕೆ ಮುಂದಿನ ವಾರದಿಂದ ಊರು ನಡೆಯುತ್ತೇವೆ. ಒಂದು ಪ್ರಶ್ನೆ ಉಳಿದಿದೆ. ಎಷ್ಟೇ ಎಚ್ಚರ ವಹಿಸಿದರೂ ಹಂಚುವ ದಿನ ಪಟ್ಟಿಯಲ್ಲಿ ಇಲ್ಲದವರು ಬಂದು ನಿಂತರೆ ಏನು ಹೇಳೋದು?

ದೂರದ ಗೋದಾಮು

ಬಂದೇ ಬರುತ್ತಾರೆ. ಅದಕ್ಕೆ 400ರ ಮೇಲೆ ಒಂದು 20 ಕಿಟ್ ಹೆಚ್ಚಿಗೆ ಇಟ್ಟುಕೊಳ್ಳಿ. ಅವರಿಗೆ ಬೇರೆ ಮೇಜು ಹಾಕಿ, ಸಾಲಿನಿಂದ ದೂರ. ಅಲ್ಲಿ ಆಶಾ ಕಾರ್ಯಕರ್ತೆ, ಕೇರಿಯಿಂದ ಒಬ್ಬರು, ನಿಮ್ಮವರೊಬ್ಬರು ಕೂರಲಿ. ಹೆಸರು ಬರೆದುಕೊಂಡು, ಸಂಜೆಯೊಳಗೆ ಮನೆ ನೋಡಿ ಬಂದು ತೀರ್ಮಾನ ಹೇಳಿ. ಇಲ್ಲ ಅಂತ ಹೇಳಬೇಕಾದರೆ ಕಾರಣ ಕೊಟ್ಟು ಹೇಳಿ, ಕೂತು ಮಾತಾಡಿ ಹೇಳಿ. ಎರಡು ವಾರದ ನಂತರ ಮತ್ತೆ ಹೋಗಿ ಕೆಲವು ಮನೆ ತಿರುಗಿ ಕೇಳಿ: ಏನು ಕೆಲಸಕ್ಕೆ ಬಂತು, ಏನು ಬರಲಿಲ್ಲ, ಏನನ್ನು ಮಾರಿದಿರಿ. ಮಾರಿದ್ದಾರೆ ಅಂತ ಸಿಟ್ಟು ಮಾಡಿಕೊಳ್ಳಬೇಡಿ. ಅಕ್ಕಿ ಮಾರಿ ಔಷಧಿ ತಂದಿದ್ದರೆ ಅವರಿಗೆ ಔಷಧಿ ಬೇಕಿತ್ತು ಅಂತ ಅರ್ಥ. ಮುಂದಿನ ಕಿಟ್ ಅದನ್ನು ನೋಡಿ ಕಟ್ಟಿ.

ಕೇರಿಯ ದನಿ

ಪಟ್ಟಿ ಮಾಡೋಕೆ ಬರುವಾಗ ಬೆಳಿಗ್ಗೆ ಏಳರೊಳಗೆ ಬನ್ನಿ. ಆಮೇಲೆ ಹೆಂಗಸರೆಲ್ಲ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗಿರುತ್ತಾರೆ, ಮನೆಯಲ್ಲಿ ಸಿಗೋರು ಯಾರೂ ಇರಲ್ಲ. ಸಂತೆ ದಿನ ಬೇಡ. ಕೇರಿಯ ಕಡೆಯಿಂದ ನಾನೇ ಜೊತೆಗೆ ಬರುತ್ತೇನೆ.

ಆಶಾ ಅಕ್ಕ

ನಾನೂ ಬರ್ತೀನಿ. ಬಸುರಿ, ಬಾಣಂತಿಯರ ಪಟ್ಟಿ ನನ್ನ ಹತ್ತಿರ ಇದೆ. ಹಾಸಿಗೆ ಹಿಡಿದವರ ಮನೆ ಯಾವುದು ಅಂತಲೂ ಗೊತ್ತು. ಅವರಿಗೆ ಟೋಕನ್ ಬೇಡ, ಕಿಟ್ಟನ್ನೇ ಮನೆಗೆ ಮುಟ್ಟಿಸೋ ಹುಡುಗರನ್ನ ಈಗಲೇ ಗೊತ್ತು ಮಾಡಿ.